ಇಂಗ್ಲಿಷ್ ಧಾರಾವಾಹಿಗೆ ಮಾವ ಹೇಳಿದ ಅರ್ಥ

ಪಕ್ಕದ ಮನೆಯವರು ಬಾಗಿಲಿಗೆ ವಾರ್ನಿಷ್ ಹಚ್ಚಿಸುತ್ತಿದ್ದಾರೆ. ಹೊತ್ತು ನೆತ್ತಿಗೆ ಬಂದರೂ ಹಾಸಿಗೆ ಬಿಡದ ನನ್ನ ಮೂಗಿಗೆ ಆ ವಾಸನೆ ಬಡಿಯಿತು ನೋಡಿ, ಬಾಳಗಡಿಯ ಸೋದರಮಾವ ನೆನಪಾದರು. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದಿರಬೇಕು; ನಾನು ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ.

ಮಾವ ಗಣಪತಿ ಮಾಡುವವರು. ಮೆಣಸೆಯಿಂದಲೂ ನರಸಿಂಹರಾಜಪುರದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಮಣ್ಣು ಹದ ಮಾಡಿ, ಮೂರ್ತಿ ಎಬ್ಬಿಸಿ, ವಾರ್ನಿಷ್ ಬೆರೆಸಿದ ಬಣ್ಣ ಬಳಿದು, ಎಲ್ಲಕ್ಕಿಂತ ಕಡೆಗೆ ಕಣ್ಣು ಬರೆಯುವುದು. ಅವರು ಕಣ್ಣು ಬರೆಯುವಾಗ ಅತ್ತೆ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ, ಸೀನು ಬಂದು ಕೈ ಅಲುಗೀತೆಂದು.

ಆ ವರ್ಷ ಮೂರ್ತಿಗಳು ಒಣಗಿ ನಿಂತವು. ಮಾವ ಕುಂಚ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಊಟ ಬೇಡ, ಮಾತು ಬೇಡ. ನಮ್ಮ ಕಡೆಯವರ ಉಪಕಾರಬುದ್ಧಿ ನಿಮಗೆ ಗೊತ್ತಲ್ಲ? ಒಬ್ಬರು ಕಷಾಯ ತಂದರು, ಒಬ್ಬರು ತಾಯಿತ ತಂದರು, ಬರಿಗೈಯಲ್ಲಿ ಬಂದವರು ಹೊಗಳಿದರು. "ನಿಮ್ಮ ಕೈಗುಣ ಯಾರಿಗುಂಟು ಮಾರಾಯ್ರೆ, ಏಳಿ ಏಳಿ!" ಹೊಗಳಿದಷ್ಟೂ ಮಾವ ಕಂಬಳಿಯೊಳಗೆ ಮುದುಡುತ್ತಿದ್ದರು. ಅತ್ತೆಗೆ ಬೇರೆಯೇ ಸಂಕಟ. ಗಂಡನಿಗೆ ತನ್ನ ಮೇಲೇ ಸಿಟ್ಟೆಂದು ತಿಳಿದು, "ನಾನು ಎಂತ ತಪ್ಪು ಮಾಡಿದೆ ಅಂತ ಹೇಳಿಬಿಡ್ಲಿ, ತವರಿಗೆ ಹೋಗಿಬಿಡ್ತೇನೆ" ಎಂದು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರು.

ಸಂಜೆ ಟೀವಿಯಲ್ಲಿ ಆಕಾಶನೌಕೆಯ ಇಂಗ್ಲಿಷ್ ಧಾರಾವಾಹಿಯೊಂದು ಬರುತ್ತಿತ್ತು. ಅತ್ತೆಗೆ ಅರ್ಥ ಹೇಳುವ ಪಂಡಿತೆ ನಾನು. ತಿಳಿಯದ ಕಡೆ ನನ್ನದೇ ನಾಲ್ಕು ರಾಕ್ಷಸರನ್ನು ಸೇರಿಸಿ ಕಥೆಯನ್ನು ಮುಂದೆ ತಳ್ಳುತ್ತಿದ್ದೆ. ಪಾಪ, ಅವರು ನಂಬುತ್ತಿದ್ದರು. ಒಂದು ದಿನದ ಕಂತಿನಲ್ಲಿ ರಾಕ್ಷಸರಿಗೆ ಜಾಗವೇ ಇರಲಿಲ್ಲ. ನೌಕೆಯಲ್ಲೊಬ್ಬಳು ಚಿತ್ರಗಾರ್ತಿ, ದಾರಿಯಲ್ಲಿ ಸಿಕ್ಕ ಗ್ರಹಗಳ ಚಿತ್ರ ಬರೆಯುವುದು ಅವಳ ಕೆಲಸ. ಅವಳು ಬರೆಯುವುದು ಬಿಟ್ಟು ಮಲಗಿದಳು. ಯಂತ್ರಗಳು ಅವಳ ಮೈಯೆಲ್ಲ ತಡಕಿ, ಏನೂ ಆಗಿಲ್ಲವೆಂದು ಹಸಿರು ದೀಪ ಹೊತ್ತಿಸಿದವು. ಜೊತೆಯವರೆಲ್ಲ ಸಾಲಾಗಿ ಬಂದು ಅವಳ ಚಿತ್ರಗಳನ್ನು ಹೊಗಳಿದರು. ಅವಳು ಕಿಟಕಿಯತ್ತ ತಿರುಗಿ ಮೆಲ್ಲಗೆ ಏನೋ ಹೇಳಿದಳು.

"ಎಂತ ಹೇಳಿದ್ಲು?" ಎಂದರು ಅತ್ತೆ. ನಾನು ಬೆಬ್ಬೆಬ್ಬೆ ಎಂದೆ.

"ಬಣ್ಣ ಎಲ್ಲ ಕಾಣ್ತದೆ. ಯಾವ್ದೂ ಬೇಕು ಅನ್ಸೋದಿಲ್ಲ. ಹೊಗಳಿದ್ರೆ ಇನ್ನೂ ಭಾರ ಆಗ್ತದೆ. ಅದನ್ನೇ ಹೇಳಿರ್ತಾಳೆ."

ತಿರುಗಿ ನೋಡಿದರೆ ಬಾಗಿಲಲ್ಲಿ ಮಾವ! ಇಂಗ್ಲಿಷಿನ ಒಂದಕ್ಷರ ಬಾರದ ಮಾವ. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಬಂದ ಮಾತು ಅದು.

ಅತ್ತೆ ಟೀವಿ ಆರಿಸಿದರು. "ನಿಮ್ಗೂ ಹಂಗೇ ಆಗ್ತದಾ? ನನ್ನ ಮೇಲೆ ಸಿಟ್ಟಲ್ವಾ?"

"ನಿನ್ನ ಮೇಲೆ ಎಂತಕ್ಕೆ ಸಿಟ್ಟು ಮಾರಾಯ್ತಿ?"

ಅತ್ತೆ ಮಾವನ ಕೈ ಹಿಡಿದುಕೊಂಡು ಗೊಳೋ ಎಂದು ಅಳತೊಡಗಿದರು. ನನಗೂ ಅಳು ತಡೆಯಲಿಲ್ಲ. ಆ ಚಿತ್ರಗಾರ್ತಿ ಕೊನೆಗೆ ಏನಾದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮರುದಿನ ಗಣಪತಿ ಕೇಳಿಕೊಂಡು ಬಂದವರಿಗೆ ಅತ್ತೆ ಜಗಲಿಯಲ್ಲೇ ನಿಂತು, "ಇವರಿಗೆ ಮನಸ್ಸಿಗೆ ಹುಷಾರಿಲ್ಲ. ಈ ವರ್ಷ ಬಣ್ಣ ಇಲ್ಲ" ಎಂದುಬಿಟ್ಟರು. ಸೊಂಟನೋವು ಎನ್ನಬಹುದಿತ್ತು, ಎಲ್ಲರೂ ಹಾಗೇ ಏನಾದರೊಂದು ಹೇಳುತ್ತಾರೆ. ಮೆಣಸೆಯ ಹಿರಿಯರೊಬ್ಬರು ಮೂರ್ತಿಯ ಹತ್ತಿರ ಹೋಗಿ ನಿಂತರು. "ಹಂಗೇ ಕೊಡು ತಂಗಿ. ಮಣ್ಣಿನ ಗಣಪತಿಗೆ ಪೂಜೆ ಸಲ್ಲೋದಿಲ್ವಾ?" ಎಂದು ಕಣ್ಣಿಲ್ಲದ ಮೂರ್ತಿಯನ್ನೇ ಜೋಪಾನವಾಗಿ ಎತ್ತಿಕೊಂಡು ಹೋದರು. ಅವರನ್ನು ನೋಡಿ ಉಳಿದವರೂ ಒಯ್ದರು.

ಮಾವನನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಿದರು. ಒಮ್ಮೆಲೇ ಎದ್ದು ಕುಣಿಯಲಿಲ್ಲ ಅವರು. ಮರುವರ್ಷ ಅರ್ಧ ಮೂರ್ತಿಗಳಿಗೆ ಬಣ್ಣ ಬಂತು, ಅಷ್ಟೇ. ಆ ಅರ್ಧಕ್ಕೇ ಅತ್ತೆ ಹೋಳಿಗೆ ಮಾಡಿದರು.

ಇದನ್ನೆಲ್ಲ ನೆನೆಯುತ್ತ ಬಿದ್ದುಕೊಂಡಿದ್ದಾಗ ಫೋನ್ ಬಂತು. ನಾನು ಪಾಠ ಮಾಡುವ ಶಾಲೆಯ ಹೆಡ್ ಮೇಡಂ.

"ಜ್ವರ ಬಿಡ್ತಾ ಟೀಚರೇ?"

ವಾರದಿಂದ ನಾನು ಹೇಳುತ್ತಿದ್ದದ್ದು ಅದನ್ನೇ.

"ಜ್ವರ ಅಲ್ಲ ಮೇಡಂ," ಎಂದೆ. ಹಾಸಿಗೆಯಲ್ಲಿ ಎದ್ದು ಕೂತೆ. "ಮನಸ್ಸಿಗೆ ಹುಷಾರಿಲ್ಲ."

ಆ ಕಡೆ ಮೇಡಂ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಸಂಜೆ ಬರ್ತೇನೆ. ನೀವು ಮಾತಾಡ್ಬೇಕು ಅಂತೇನಿಲ್ಲ" ಎಂದರು.

"ಬನ್ನಿ ಮೇಡಂ" ಎಂದೆ.