ಭಾವನ ಖಾತೆ

ಜನರ ಹೆಬ್ಬೆರಳು ಮೊಬೈಲಿನಿಂದ ಏಳದಂತೆ ಮಾಡುವ ಕಂಪನಿಗಳ ಮೇಲೆ ನನಗಿರುವ ಸಿಟ್ಟು ಇಳಿದಿಲ್ಲ. ಆದರೂ ವೈಟ್‌ಫೀಲ್ಡಿನ ಅಂಥದೊಂದು ಸೋಷಿಯಲ್ ಮೀಡಿಯಾ ಕಂಪನಿಯಲ್ಲಿ, ಬೆರಳಾಡಿಸಿದಷ್ಟೂ ಪೋಸ್ಟುಗಳು ಬರುತ್ತಲೇ ಇರುವ ಫೀಡಿಗೆ ಹೊಸ ಹೊಸ ಫೀಚರ್ ಕಟ್ಟುವ ಬಿಂದುಶ್ರೀಗೆ ಕೈ ಮುಗಿಯಬೇಕೆನಿಸುತ್ತದೆ. ಮೆಟ್ರೋದಲ್ಲಿ ಪಕ್ಕದವರ ಮೊಬೈಲಿಗೆ ಇಣುಕಿ, ಅವರ ಬೆರಳು ಎಲ್ಲಿ ನಿಂತಿತೆಂದು ನೋಡುತ್ತಾಳೆ. ಅವರು ಬೈದರೆ, 'ಸಾರಿ ಅಕ್ಕಾ, ನನ್ ಕೆಲ್ಸಾನೇ ಅದು' ಎನ್ನುತ್ತಾಳೆ. ಒಂದು ಬಟನ್ನಿನ ಜಾಗಕ್ಕಾಗಿ ಕಾಫಿ ಆರಿಹೋಗುವವರೆಗೂ ಜಗಳವಾಡುತ್ತಾಳೆ. ಹೊಸದೇನೇ ಸಿದ್ಧವಾಗಲಿ, ಮೊದಲು ಅದನ್ನು ಪರೀಕ್ಷಿಸುವುದು ತಾನೇ ತೆರೆದಿರುವ 'ಭಾವ' ಎಂಬ ಸುಳ್ಳು ಖಾತೆಯಲ್ಲಿ. 'ಭಾವ ಏನಂದ್ರು, ಬಿಂದು?' ಎಂದು ತಂಡದವರು ಗೇಲಿ ಮಾಡುತ್ತಾರೆ. ಅವರಿಗೆ ಗೊತ್ತಿಲ್ಲ: ಹೊಡೆಯುವ ಗಂಡನನ್ನು ಬಿಟ್ಟು ಬಂದ ಅವಳ ಅಕ್ಕ ಇದೇ ಬೆಂಗಳೂರಿನಲ್ಲಿ ಅಡಗಿದ್ದಾಳೆ. ಎಲ್ಲೆಂದು ನಾನೂ ಬರೆಯುವುದಿಲ್ಲ. ಆ ಗಂಡನ ಊರು, ವಯಸ್ಸು, ಗೆಳೆಯರನ್ನೆಲ್ಲ ಹಾಗೆಯೇ ತುಂಬಿಸಿದ ಖಾತೆ ಅದು. ಅಲ್ಲಿ ಕಂಡದ್ದು ಅವನಿಗೂ ಕಾಣುತ್ತದೆಂದು, ಅಕ್ಕನ ಮುಖ ತೋರಿಸುವ ಯಾವ ಫೀಚರನ್ನೂ ಬಿಂದುಶ್ರೀ ಹೊರಗೆ ಬಿಡುವುದಿಲ್ಲ. ಮೊನ್ನೆ, ಬಿಡುಗಡೆಗೆ ಒಂದು ದಿನವಿರುವಾಗ, ಭಾವನ ಖಾತೆಯಲ್ಲಿ 'ನಿಮಗೆ ಇವರು ಗೊತ್ತಿರಬಹುದು' ಎಂಬ ಹೊಸ ಸಾಲಿನಲ್ಲಿ ಅಕ್ಕನ ಜೊತೆ ಕೆಲಸ ಮಾಡುವವರು ಹಾಕಿದ್ದ ಗುಂಪು ಫೋಟೋ ಬಂದೇಬಿಟ್ಟಿತು. ಬಿಡುಗಡೆ ನಿಲ್ಲಿಸಬೇಕೆಂದು ಅವಳು ಪಟ್ಟು ಹಿಡಿದಾಗ ಮ್ಯಾನೇಜರ್ ವಸಂತ್ ತಲೆ ಮೇಲೆ ಕೈ ಹೊತ್ತ. 'ಯಾರೋ ಒಬ್ರಿಗೋಸ್ಕರ ನಿಲ್ಸಕ್ಕಾಗುತ್ತಾ? ನಿನ್ ಪ್ರಮೋಷನ್ನೂ ಇದ್ರ ಮೇಲೇ ಇದೆ ಕಣೇ.' ಅವಳು ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. 'ಯಾರೋ ಅಲ್ಲ ವಸಂತ್, ಎಡಗಡೆ ನಗ್ತಿರೋಳು ನನ್ನಕ್ಕ. ಹೊಡೀತಿದ್ದ ಈ ಭಾವನಿಂದ್ಲೇ ಅವ್ಳು ಅಡಗಿರೋದು. ಹಿಂಗೆ ನಕ್ಕು ವರ್ಷಗಳೇ ಆಗಿತ್ತು.' ಅವನು ಆ ನಗುವನ್ನೇ ನೋಡುತ್ತ ಕೂತ. ಆಮೇಲೆ ಬಿಡುಗಡೆ ತಡೆಯುವ ಬಟನ್ನನ್ನು ತಾನೇ ಒತ್ತಿದ.