ಹಾರ್ನಿಗೆ ಸಿಕ್ಕ ಮರ್ಯಾದೆ

ನನ್ನ ತಂಗಿಯ ಗಂಡ ಫ್ಲೇವಿಯನ್ ಕುವೈತಿನಲ್ಲಿ ಹದಿನೆಂಟು ವರ್ಷದಿಂದ ಇದ್ದಾನೆ. ಅಲ್ಲಿ ನಮ್ಮವರೇ ತುಂಬಿರುವ ಅಬ್ಬಾಸಿಯಾ ಬಡಾವಣೆಯ ಒಂದು ಹೋಟೆಲಿನ ಒಳಗೂ ಕಾಲಿಟ್ಟವನಲ್ಲ. ಹೊರಗೆ ಕಾರು ನಿಲ್ಲಿಸಿ ಹಾರ್ನ್ ಹೊಡೆಯುತ್ತಾನೆ. ಚಹಾ, ಪರೋಟ ಕಿಟಕಿಗೇ ಬರುತ್ತದೆ. ಅಲ್ಲಿ ಎಲ್ಲರಿಗೂ ಹಾಗೇ ಬರುತ್ತದೆ. ಇವನಿಗೆ ಮಾತ್ರ ಅದು ತನ್ನ ಘನತೆಗೆ ಸಿಕ್ಕ ಮರ್ಯಾದೆ.

ಕಳೆದ ಬೇಸಿಗೆಯಲ್ಲಿ ವಿಯೆನ್ನಾಕ್ಕೆ ಹೋದೆವು. ಬಾಡಿಗೆ ಕಾರನ್ನು ಒಂದು ರೆಸ್ಟೋರೆಂಟ್ ಎದುರು ನಿಲ್ಲಿಸಿ ಈ ಮಹಾಶಯ ಹಾರ್ನ್ ಒತ್ತಿದ. ಒಳಗೆ ಉಣ್ಣುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಇಳೀರಿ ಮಾರಾಯ್ರೆ, ಮಾನ ಹೋಗ್ತದೆ," ಎಂದಳು ತಂಗಿ ಕ್ಲಾರಿಸ್ಸಾ. ಅವನು ಮತ್ತೆ ಒತ್ತಿದ.

ವೇಟರ್ ಒಬ್ಬ ಓಡಿಬಂದ. ಪಾಪ, ನಡೆಯಲಾಗದವರು ಯಾರೋ ಇರಬೇಕೆಂದು ವೀಲ್‌ಚೇರ್ ತಳ್ಳಿಕೊಂಡೇ ಬಂದಿದ್ದ.

"ನೋಡಿದ್ರಾ ಭಾವ, ಮರ್ಯಾದೆ ಅಂದ್ರೆ ಇದು," ಎಂದು ನನಗೆ ಹೇಳಿ, ಫ್ಲೇವಿಯನ್ ಅದರಲ್ಲೇ ಕೂತು ಒಳಗೆ ಹೋದ.