ಕೆನೆಬಿಳಿ, ಬೂದುಬಿಳಿ

ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು ತಲೆ ನರೆತರೂ ಎಲ್ಲರ ಬಾಯಲ್ಲಿ ‘ಅಕ್ಕ’ನೇ. ಗಾಜು ಬದಲಿಸುತ್ತಾ "ಇದು ಚೆನ್ನಾಗಿ ಕಾಣುತ್ತಾ, ಅದಾ?" ಅಂತ ದಿನವಿಡೀ ಕೇಳುವುದೇ ಅವಳ ಕೆಲಸ. ಅವಳನ್ನು ಹಾಗೆ ಕೇಳಿದವರು ಮಾತ್ರ ಯಾರೂ ಇರಲಿಲ್ಲ. ಅಪ್ಪ ಇರುವ ತನಕ ಅಪ್ಪ ಹೇಳಿದ್ದು, ಆಮೇಲೆ ತಮ್ಮ ಹೇಳಿದ್ದು. ತಮ್ಮನ ಮಕ್ಕಳು ಬೆಳೆದು ಕೋಣೆಗಳು ಸಾಲದಾದಾಗ, ಯಾರೂ ಬಾಯಿಬಿಡುವ ಮೊದಲೇ ಅರ್ಥ ಮಾಡಿಕೊಂಡು, ಅಂಗಡಿಯ ಹತ್ತಿರವೇ ಪುಟ್ಟ ಮನೆ ಕೊಂಡು ಬಂದುಬಿಟ್ಟಳು.

ಬಣ್ಣದವನು ಹಾಲ್‌ನ ಗೋಡೆಗೆ ಎರಡು ಪಟ್ಟೆ ಬಳಿದು ತೋರಿಸಿದ. ಒಂದು ಕೆನೆಬಿಳಿ, ಇನ್ನೊಂದು ಬೂದು ಬೆರೆತ ಬಿಳಿ.

"ಕೆನೆನೇ ಹೊಡೆಸಿ ಅಕ್ಕಾ, ಮನೆ ತುಂಬಿದ ಹಾಗಿರುತ್ತೆ. ಬೂದು ಬಿಕೋ ಅನ್ನುತ್ತೆ."

"ನಾಳೆ ಹೇಳ್ತೀನಪ್ಪ."

ನಾಳೆ ಹೋಗಿ ನಾಳಿದ್ದೂ ಆಯಿತು. ಎದುರುಮನೆಯಾಕೆಯನ್ನು ಕರೆದು ತೋರಿಸಿದಳು.

"ಎರಡೂ ಬಿಳಿನೇ ಅಲ್ವೇನ್ರೀ?" ಎಂದಳು ಆಕೆ.

"ಒಂದ್ಸಲ ನಮ್ಮ ಅಂಗಡಿಗೆ ಬನ್ನಿ, ಕಣ್ಣು ನೋಡ್ತೀನಿ."

ಆಕೆ ನಕ್ಕು, ಒಲೆಯ ಮೇಲೆ ಹಾಲಿಟ್ಟಿದ್ದೀನೆಂದು ಓಡಿದಳು. ಫೋಟೋ ಕಳಿಸಿ ತಮ್ಮನಿಗೆ ಫೋನ್ ಮಾಡಿದರೆ ಅವನು, "ಯಾವುದಾದ್ರೂ ಒಂದು ಹೊಡೆಸಕ್ಕಾ, ಗೋಡೆ ತಾನೇ? ಇಡ್ಲಾ?" ಅಂದ.

ರಜೆಯ ದಿನ ಕುರ್ಚಿ ಎಳೆದುಕೊಂಡು ಗೋಡೆಯೆದುರು ಕೂತಳು. ಬೆಳಗ್ಗೆ ಎರಡೂ ಒಂದೇ ಥರ ಇದ್ದವು. ಮಧ್ಯಾಹ್ನ ಬಿಸಿಲು ಒಳಗೆ ಬಂದಾಗ ಕೆನೆಬಿಳಿ ಹಳದಿಗೆ ತಿರುಗಿತು. ತಮ್ಮನ ಮನೆಯ ಗೋಡೆಯೂ ಹೀಗೇ ಇತ್ತು. ಅಲ್ಲಿನ ಗದ್ದಲ, ಮಕ್ಕಳ ಜಗಳ ನೆನಪಾದವು. ಸಂಜೆಯ ಬೆಳಕಲ್ಲಿ ಬೂದುಬಿಳಿ ತಣ್ಣಗೆ, ತನ್ನ ಪಾಡಿಗೆ ತಾನಿತ್ತು. ನೋಡನೋಡುತ್ತಾ ಅದೇ ಹಿಡಿಸಿತು. ಯಾಕೆ ಅಂದಿದ್ದರೆ ಹೇಳಲು ಅವಳಿಗೂ ಬರುತ್ತಿರಲಿಲ್ಲ.

"ಬೂದುನೇ ಬಳಿಯಪ್ಪ," ಎಂದಳು ಮರುದಿನ ಬಣ್ಣದವನಿಗೆ.

"ಆಮೇಲೆ ಮನೆಯವರೆಲ್ಲ ನನ್ನನ್ನ ಬೈಬಾರದು ನೋಡಿ."

"ಬೈಯೋಕೆ ಇಲ್ಲಿ ಯಾರಿದ್ದಾರೆ?"

ಕೆಲಸ ಮುಗಿಸಿ ಅವನು ಏಣಿ ಹೊತ್ತು ಹೋದ ಮೇಲೆ ತಮ್ಮನಿಗೆ ಫೋನ್ ಮಾಡಿದಳು.

"ಬಣ್ಣ ಆಯ್ತು ಕಣೋ. ಬೂದು ಹೊಡೆಸಿದೆ."

"ಹೌದಾ? ಒಳ್ಳೇದಾಯ್ತು ಬಿಡು."

ನೋಡೋಕೆ ಬಾರೋ ಅನ್ನಬೇಕೆಂದಿದ್ದಳು. ಅಷ್ಟರಲ್ಲಿ ಅವನು ಫೋನ್ ಇಟ್ಟಾಗಿತ್ತು. ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದು ಅಡುಗೆಗೆ ನಿಂತಳು. ಕೈಯಂದಾಜು ಇನ್ನೂ ತಮ್ಮನ ಮನೆಯದೇ, ಅಡುಗೆ ಜಾಸ್ತಿಯಾಯಿತು. ಎದುರುಮನೆಗೆ ಸ್ವಲ್ಪ ಕೊಡೋಣವೆಂದು ಡಬ್ಬಿಗೆ ಹಾಕಿಕೊಂಡು ಅವರ ಬಾಗಿಲವರೆಗೆ ಹೋದಳು. ಅಲ್ಲಿ ನೆಂಟರ ಚಪ್ಪಲಿಗಳು ಸಾಲಾಗಿದ್ದವು. ಡಬ್ಬಿ ಹಿಡಿದೇ ತನ್ನ ಮನೆಯೊಳಗೆ ವಾಪಸ್ ಬಂದು ಚಿಲಕ ಹಾಕಿಕೊಂಡಳು.